ಹಸಿ ಸೊಪ್ಪಿನ ಬೆನ್ನಿಗೆ ಬಂದ ಉಬ್ಬರ

ಹಳ್ಳಿಕಾರ್ ದನ ಸಾಕುತ್ತಿದ್ದ ನಮ್ಮ ಸೀಮೆಯಲ್ಲಿ ಹಿಂದೆ ಹೊಟ್ಟೆಯುಬ್ಬರ ಬರುತ್ತಿದ್ದದ್ದು ಕಣದಲ್ಲಿ ಕಾಳು ಕದ್ದು ತಿಂದ ಎತ್ತಿಗೆ, ಅಲಸಂದೆ ಹೊಲಕ್ಕೆ ನುಗ್ಗಿದ ಹಸುವಿಗೆ. ರಾಗಿಹುಲ್ಲು ತಿಂದು ಉಬ್ಬಿದ ದನ ಅಪರೂಪ. ಸೀಮೆಹಸು ಬಂದ ಮೇಲೆ ಹಾಲಿನಾಸೆಗೆ ಕುದುರೆ ಮಸಾಲೆ ಎಂಬ ದ್ವಿದಳ ಸೊಪ್ಪು ಬೆಳೆದರು, ಉಬ್ಬರವೂ ಹೆಚ್ಚಿತು. ಪಶುವೈದ್ಯನಾದ ನನ್ನ ಚೀಲದಲ್ಲಿ ಪಕ್ಕೆ ಚುಚ್ಚಿ ಗಾಳಿ ಬಿಡುವ ಟ್ರೋಕಾರ್ ಕಾಯಂ ಆಯಿತು.

ಈ ಉಬ್ಬರವನ್ನು ಗಾಳಿಯ ಕಾಯಿಲೆ ಅನ್ನುವುದು ಅರ್ಧ ನಿಜ. ಮೇವು ಹುದುಗುವಾಗ ಗಾಳಿ ಹುಟ್ಟುವುದು ಸಹಜ, ದನ ಅದನ್ನು ತೇಗಿ ಹೊರಹಾಕುತ್ತದೆ. ಎಳೆಯ ದ್ವಿದಳ ಸೊಪ್ಪಿನಲ್ಲಿ ಬೇಗ ಕರಗುವ ಪ್ರೋಟೀನು ಹೆಚ್ಚು. ಅದು ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಹಿಡಿದಿಟ್ಟು ನೊರೆ ಕಟ್ಟಿಸುತ್ತದೆ. ನೊರೆ ತೇಗಿಗೆ ಬಾರದು. ಎಡ ಪಕ್ಕೆ ತಮಟೆಯಂತೆ ಬಿಗಿಯುತ್ತದೆ, ಶ್ವಾಸಕೋಶ ಅಮುಕಿ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಇಂಗ್ಲೆಂಡಿನಲ್ಲಿ ಇದೇ ಕೆಲಸ ಕ್ಲೋವರ್ ಎಂಬ ದ್ವಿದಳ ಮೇವು ಮಾಡಿತು. 1874ರ ಥಾಮಸ್ ಹಾರ್ಡಿ ಕಾದಂಬರಿಯೊಂದರಲ್ಲಿ ಉಬ್ಬಿದ ಕುರಿಗಳನ್ನು ಗೇಬ್ರಿಯಲ್ ಓಕ್ ಚುಚ್ಚಿ ಬದುಕಿಸುತ್ತಾನೆ. ಕಥೆಗೆ ಚೆಂದ, ನೊರೆ ಗಟ್ಟಿಯಾಗಿದ್ದರೆ ಆ ತೂತಿನಿಂದ ಹೊರಬರುವುದು ಕಷ್ಟ. ನ್ಯೂಜಿಲೆಂಡಿನವರು ಹುಲ್ಲುಗಾವಲಿಗೇ ಎಣ್ಣೆ ಸಿಂಪಡಿಸಿದರು. ನಮ್ಮ ಹಿರಿಯರು ಗೊಟ್ಟ ಎಂಬ ಬಿದಿರು ಕೊಳವೆಯಲ್ಲಿ ಕಡಲೆಕಾಯಿ ಎಣ್ಣೆ ಹೊಯ್ದು, ಬಾಯಿಗೆ ಅಡ್ಡ ಕೋಲು ಕಟ್ಟುತ್ತಿದ್ದರು. ಎಣ್ಣೆ ನೊರೆ ಒಡೆಯುತ್ತದೆ, ಕೋಲು ಜಗಿದಾಗ ಜೊಲ್ಲು ಸುರಿಯುತ್ತದೆ. ನನ್ನ ಮತ ಗೊಟ್ಟಕ್ಕೇ. ಆದರೆ ದನದ ನಾಲಗೆ ಎಳೆದು ಹಿಡಿದು ಹೊಯ್ದರೆ ಎಣ್ಣೆ ಶ್ವಾಸನಾಳಕ್ಕೆ ಇಳಿದೀತು.