ಕಟಿಂಗ್ ಶಾಪಿನ ಕೂದಲು, ಕಡಲ ಎಣ್ಣೆ

ಕಟಿಂಗ್ ಶಾಪಿನಲ್ಲಿ ಗುಡಿಸಿ ಎಸೆಯುವ ಕೂದಲಿಗೂ ಸಮುದ್ರಕ್ಕೆ ಚೆಲ್ಲಿದ ಕಚ್ಚಾ ತೈಲಕ್ಕೂ ಏನು ನಂಟು? ಮೊದಲು ಕೇಳಿದಾಗ ನಮಗೂ ತಮಾಷೆ ಅನ್ನಿಸಿತ್ತು.

1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ‘ಟೊರಿ ಕ್ಯಾನಿಯನ್’ ಎಂಬ ತೈಲ ಹಡಗು ಬಂಡೆಗೆ ಬಡಿಯಿತು. ಒಳಗಿದ್ದದ್ದು ಒಂದು ಲಕ್ಷ ಟನ್ನಿಗೂ ಹೆಚ್ಚು ತೈಲ. ಜಿಡ್ಡಿನ ಪಾತ್ರೆಗೆ ನಾವು ಮಾಡುವುದನ್ನೇ ಅಲ್ಲಿನ ಸರ್ಕಾರವೂ ಮಾಡಿತು, ಡಿಟರ್ಜೆಂಟ್ ಸುರಿಯಿತು. ಎಣ್ಣೆಗಿಂತ ಅದೇ ಕಡಲ ಜೀವಿಗಳಿಗೆ ಹೆಚ್ಚು ವಿಷವಾಯಿತು. 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಒಣಹುಲ್ಲು ಹರಡಿದರು. ಹುಲ್ಲು ಎಣ್ಣೆ ಹೀರುತ್ತದೆ ನಿಜ, ಆದರೆ ನೀರನ್ನೂ ಕುಡಿಯುತ್ತದಲ್ಲ!

1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಒಡೆಯಿತು. ಆ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತಿದ್ದವರಲ್ಲಿ ಅಲಬಾಮಾದ ಕ್ಷೌರಿಕ ಫಿಲ್ ಮೆಕ್‌ಕ್ರೋರಿ ಒಬ್ಬರು. ಎಣ್ಣೆ ಮೆತ್ತಿಕೊಂಡಿದ್ದ ನೀರುನಾಯಿಯ ತುಪ್ಪಳ ಕಂಡು ಅವರಿಗೆ ಹೊಳೆಯಿತು: ತುಪ್ಪಳಕ್ಕೆ ಅಂಟುವುದಾದರೆ ತಲೆಗೂದಲಿಗೆ ಯಾಕೆ ಅಂಟಬಾರದು? ಅಂಗಡಿಯ ಕೂದಲನ್ನು ಹೆಂಡತಿಯ ಕಾಲುಚೀಲಕ್ಕೆ ತುಂಬಿ, ಮಕ್ಕಳ ಈಜುತೊಟ್ಟಿಯ ನೀರಿಗೆ ಎಂಜಿನ್ ಆಯಿಲ್ ಸುರಿದು ಅದರಲ್ಲಿ ಬಿಟ್ಟರು. ಎಣ್ಣೆಯೆಲ್ಲ ಕೂದಲಿಗೆ ಹತ್ತಿತು. ಅದಕ್ಕೆ ಲ್ಯಾಬೂ ಬೇಕಾಗಲಿಲ್ಲ. ಆಮೇಲೆ ನಾಸಾದವರೇ ಅದನ್ನು ಪರೀಕ್ಷಿಸಿ ನೋಡಿದರು.

ಆದರೂ 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಸಿಡಿದಾಗ, ಜನ ಮೂಟೆಗಟ್ಟಲೆ ಕಳಿಸಿದ ಕೂದಲನ್ನು ಅಧಿಕಾರಿಗಳು ಬೇಡವೆಂದರು. ಕಾರಣ ಹಳೆಯದೇ. ಕೂದಲಿನ ಚೀಲ ನೀರು ತುಂಬಿ ಮುಳುಗುತ್ತಿತ್ತು.

ಅಂದರೆ ಎಣ್ಣೆ ಹೀರಿದರೆ ಸಾಲದು, ನೀರನ್ನು ದೂರ ತಳ್ಳಲೂಬೇಕು. ಕೆಸುವಿನ ಎಲೆ ಮೇಲೆ ನೀರು ಉರುಳಿಹೋಗುವುದನ್ನು ನೀವು ನೋಡಿದ್ದೀರಿ, ಬೇಕಿರುವುದು ಆ ಗುಣ. 2017ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು ಸೋಫಾಕ್ಕೆ ಹಾಕುವಂಥ ಫೋಮನ್ನೇ ತೆಗೆದುಕೊಂಡು, ಅದರ ಒಳರಂಧ್ರಗಳಿಗೆಲ್ಲ ಲೋಹದ ಆಕ್ಸೈಡಿನ ತೆಳುಪದರ ಕೂರಿಸಿ, ಆ ಪದರಕ್ಕೆ ಎಣ್ಣೆಯನ್ನು ಹಿಡಿಯುವ ಅಣುಗಳನ್ನು ಅಂಟಿಸಿದರು. ತನ್ನ ತೂಕದ 90 ಪಟ್ಟು ಎಣ್ಣೆ ಹೀರುತ್ತದೆ ಎಂಬುದು ಅವರ ಲೆಕ್ಕ. ಹಿಂಡಿದರೆ ಎಣ್ಣೆಯೂ ವಾಪಸ್, ಸ್ಪಂಜೂ ಮತ್ತೆ ಬಳಕೆಗೆ.

ಅದೇ ವರ್ಷದ ಜನವರಿ 28ರಂದು ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ದಡಕ್ಕೆಲ್ಲ ಕಪ್ಪು ಎಣ್ಣೆ ಬಂದು ಬಿತ್ತು. ನೂರಾರು ಜನ ಅದನ್ನು ಬಕೆಟ್ಟಿನಲ್ಲಿ ಮೊಗೆದರು. 2023ರ ಡಿಸೆಂಬರ್ ನೆರೆಯಲ್ಲಿ ಎಣ್ಣೂರು ಹಿನ್ನೀರಿಗೆ ಮತ್ತೆ ಎಣ್ಣೆ ನುಗ್ಗಿತು. ಆಗ ಮೀನುಗಾರರು ದೋಣಿಯಲ್ಲಿ ಕೂತು ಮೊಗೆದದ್ದು ಮಗ್ಗಿನಲ್ಲಿ.