ಗಡ್ಡೆಯಲ್ಲಿ ಸಿಕ್ಕ ವೈರಸ್, ಗಡ್ಡೆಗೆ ಕಾರಣವೇ?

ಚರ್ಮದ ಕ್ಯಾನ್ಸರ್ ಎಂದೊಡನೆ ಬಿಸಿಲು ನೆನಪಾಗುತ್ತದೆ. ಅದು ಸರಿಯೇ, ಹೆಚ್ಚಿನ ಗಡ್ಡೆಗಳಿಗೆ ಸೂರ್ಯನ ನೇರಳಾತೀತ ಕಿರಣಗಳೇ ಮೂಲ. ಆದರೆ ಕೆಲವಕ್ಕೆ ವೈರಸ್ ಕಾರಣ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಗಟ್ಟಿಯಾಗಿ ಗೊತ್ತಿರುವ ವೈರಸ್‌ಗಳು ಏಳು. ಅವುಗಳಲ್ಲಿ ಎರಡನ್ನು ಪತ್ತೆಹಚ್ಚಿದ್ದು ಅಮೆರಿಕದ ರೋಗಶಾಸ್ತ್ರಜ್ಞೆ ಯುವಾನ್ ಚಾಂಗ್ ಮತ್ತು ಅವರ ಪತಿ ಪ್ಯಾಟ್ರಿಕ್ ಮೂರ್. ಎರಡೂ ಚರ್ಮದಲ್ಲಿ ಕಾಣಿಸಿಕೊಳ್ಳುವ ಗಡ್ಡೆಗಳ ವೈರಸ್‌ಗಳೇ.

ಹುಡುಕಾಟ ಇವರಿಗಿಂತ ಹಳೆಯದು. 1933ರಲ್ಲಿ ರಿಚರ್ಡ್ ಶೋಪ್ ಕಾಡುಮೊಲಗಳ ನರಹುಲಿಗೆ ವೈರಸ್ ಕಾರಣವೆಂದು ತೋರಿಸಿದರು. ಆ ನರಹುಲಿ ಕ್ಯಾನ್ಸರ್‌ಗೆ ತಿರುಗಬಲ್ಲದು ಎಂಬುದು ಸ್ವಲ್ಪ ಕಾಲದಲ್ಲೇ ಸ್ಪಷ್ಟವಾಯಿತು. ಮನುಷ್ಯರ ವಿಷಯದಲ್ಲಿ ದಾರಿ ತೆರೆದವರು ಪೋಲೆಂಡಿನ ಚರ್ಮವೈದ್ಯೆ ಸ್ಟೆಫಾನಿಯಾ ಯಬ್ವೊನ್ಸ್ಕಾ. ಮೈತುಂಬ ನರಹುಲಿಯಂಥ ಮಚ್ಚೆಗಳೇಳುವ ಅಪರೂಪದ ಆನುವಂಶಿಕ ಕಾಯಿಲೆಯೊಂದಿದೆ. ಬಿಸಿಲು ಬೀಳುವ ಹಣೆ, ಕೈಗಳ ಮೇಲಿನ ಮಚ್ಚೆಗಳು ಮುಂದೆ ಕ್ಯಾನ್ಸರ್ ಆಗಬಹುದು. ಈ ರೋಗಿಗಳಲ್ಲಿರುವುದು ವಿಶಿಷ್ಟ ಬಗೆಯ ಪ್ಯಾಪಿಲೋಮಾ ವೈರಸ್‌ಗಳೆಂದು 1970ರ ದಶಕದಲ್ಲಿ ಅವರೂ ಪ್ಯಾರಿಸ್ಸಿನ ಜೆರಾರ್ ಓರ್ಟ್ ಅವರೂ ಸೇರಿ ತೋರಿಸಿದರು. ವೈದ್ಯಲೋಕ ಇವರಿಬ್ಬರನ್ನು ಇನ್ನಷ್ಟು ನೆನೆಯಬೇಕಿತ್ತು ಎಂದೇ ನನ್ನ ಭಾವನೆ.

ಚಾಂಗ್ ಅವರ ಮೊದಲ ಸಾಧನೆ 1994ರದು. ವಿಯೆನ್ನಾದ ಮೊರಿಟ್ಸ್ ಕಪೋಸಿ 1872ರಲ್ಲಿ ವಿವರಿಸಿದ್ದ ಗಡ್ಡೆ, 1980ರ ದಶಕದಲ್ಲಿ ಏಡ್ಸ್ ರೋಗಿಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತ್ತು. ರಕ್ತದ ಮೂಲಕ ಎಚ್‌ಐವಿ ತಗುಲಿದವರಿಗಿಂತ ಲೈಂಗಿಕ ಸಂಪರ್ಕದಿಂದ ತಗುಲಿದವರಲ್ಲೇ ಅದು ಹೆಚ್ಚು. ಹಾಗಾದರೆ ಜೊತೆಗೆ ಬೇರೊಂದು ಸೋಂಕೂ ಇರಬೇಕಲ್ಲವೇ? ಆಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಚಾಂಗ್, ಒಬ್ಬನೇ ರೋಗಿಯ ಗಡ್ಡೆಯ ಡಿಎನ್‌ಎಯಿಂದ ಅವನ ಆರೋಗ್ಯವಂತ ಅಂಗಾಂಶದ ಡಿಎನ್‌ಎಯನ್ನು ಕಳೆದು ನೋಡಿದರು. ಉಳಿದದ್ದರಲ್ಲಿ ಹರ್ಪಿಸ್ ಬಳಗದ ಹೊಸ ವೈರಸ್ಸಿನ ತುಣುಕುಗಳು ಸಿಕ್ಕವು.

2008ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇದೇ ಕಳೆಯುವ ಲೆಕ್ಕವನ್ನು ಅವರ ತಂಡ ಕಂಪ್ಯೂಟರಿನಲ್ಲಿ ಮಾಡಿತು. ಆರಿಸಿಕೊಂಡದ್ದು ಮರ್ಕೆಲ್ ಕೋಶದ ಕ್ಯಾನ್ಸರ್: ವಯಸ್ಸಾದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬರುವ, ಬೇಗ ಹರಡುವ ಅಪರೂಪದ ಗಡ್ಡೆ. ಗಡ್ಡೆಗಳಿಂದ ಓದಿದ ಸುಮಾರು 4 ಲಕ್ಷ ಆರ್‌ಎನ್‌ಎ ತುಣುಕುಗಳಲ್ಲಿ ಮನುಷ್ಯರದೆಲ್ಲವನ್ನೂ ತೆಗೆದುಹಾಕಿದಾಗ, ಪಾಲಿಯೋಮಾ ವೈರಸ್ಸನ್ನು ಹೋಲುವ ತುಣುಕು ಕಣ್ಣಿಗೆ ಬಿತ್ತು. ಪರೀಕ್ಷಿಸಿದ 10 ಗಡ್ಡೆಗಳಲ್ಲಿ 8ರಲ್ಲಿ ಆ ವೈರಸ್ ಇತ್ತು.

ಆದರೆ ಇದ್ದ ಮಾತ್ರಕ್ಕೆ ಅದೇ ಕಾರಣ ಎನ್ನುವಂತಿಲ್ಲ. ಈ ವೈರಸ್ ಬಹುಪಾಲು ವಯಸ್ಕರ ಮೈಯಲ್ಲಿ ತಣ್ಣಗೆ ಇರುತ್ತದೆ. ನನ್ನನ್ನು ಬೆರಗುಗೊಳಿಸುವುದು ತಂಡ ಮುಂದಿಟ್ಟ ಸಾಕ್ಷ್ಯ. ವೈರಸ್ಸಿನ ಡಿಎನ್‌ಎ ಗಡ್ಡೆಯ ಕೋಶಗಳ ಡಿಎನ್‌ಎಯೊಳಗೇ ಸೇರಿಕೊಂಡಿತ್ತು; ಒಂದೇ ಗಡ್ಡೆಯ ಕೋಶಗಳಲ್ಲಿ ಒಂದೇ ಜಾಗದಲ್ಲಿ. ಅಂದರೆ ಗಡ್ಡೆ ಬೆಳೆಯುವ ಮೊದಲೇ, ಮೂಲಕೋಶ ಒಂದೇ ಇದ್ದಾಗ, ಅದು ಅಲ್ಲಿ ಹೊಕ್ಕಿತ್ತು. ಮತ್ತೂ ಒಂದು ಸುಳಿವು: ಗಡ್ಡೆಯಲ್ಲಿ ವೈರಸ್ಸಿನ ಮುಖ್ಯ ಪ್ರೋಟೀನು ಅರ್ಧಕ್ಕೆ ತುಂಡಾಗಿರುತ್ತದೆ. ವೈರಸ್ಸನ್ನು ನಕಲು ಮಾಡುವ ಭಾಗ ಹೋಗಿ, ಕೋಶವಿಭಜನೆಯ ತಡೆಯನ್ನು ಮುರಿಯುವ ಭಾಗ ಉಳಿದಿರುತ್ತದೆ. ಅಂಥ ವೈರಸ್ ಇನ್ನೊಬ್ಬರಿಗೆ ಹರಡಲಾರದು. ಕ್ಯಾನ್ಸರ್ ಅದಕ್ಕೂ ಲಾಭದ್ದಲ್ಲ. ವೈರಸ್ ಇಲ್ಲದ ಮರ್ಕೆಲ್ ಗಡ್ಡೆಗಳಲ್ಲಾದರೋ ಬಿಸಿಲಿನಿಂದಾದ ರೂಪಾಂತರಗಳು ತುಂಬಿರುತ್ತವೆ.

ಮರ್ಕೆಲ್ ಗಡ್ಡೆಯ ಚಿಕಿತ್ಸೆಯೂ ಬದಲಾಯಿತು. ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಸಡಿಲಿಸುವ ಅವೆಲುಮ್ಯಾಬ್ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥ ಔಷಧಿಗಳು ವೈರಸ್ ಇರುವ, ಇಲ್ಲದ ಎರಡೂ ಬಗೆಯ ಗಡ್ಡೆಗಳ ಮೇಲೆ ಕೆಲಸ ಮಾಡುತ್ತವೆ.

ಯಬ್ವೊನ್ಸ್ಕಾ ಅವರ ಪ್ಯಾಪಿಲೋಮಾ ಬಳಗದ ಕಥೆ ಮಾತ್ರ ಇನ್ನೂ ಬಗೆಹರಿದಿಲ್ಲ. ಸಾಮಾನ್ಯರ ಚರ್ಮದಲ್ಲೂ ಅವು ಇರುತ್ತವೆ. ಆದರೆ ಬೆಳೆದ ಗಡ್ಡೆಯಲ್ಲಿ ಅವುಗಳ ಪ್ರಮಾಣ ತೀರಾ ಕಡಿಮೆ. ಆರಂಭದಲ್ಲಷ್ಟೇ ಬಿಸಿಲಿನ ಹಾನಿಗೆ ಕೈಜೋಡಿಸಿ ಮರೆಯಾಗುತ್ತವೆ ಎಂದು ಕೆಲವರ ವಾದ. 2019ರಲ್ಲಿ ಬಾಸ್ಟನ್‌ನಿಂದ ಬಂದ ಇಲಿಗಳ ಅಧ್ಯಯನ ವಾದವನ್ನು ತಲೆಕೆಳಗು ಮಾಡಿತು: ಈ ವೈರಸ್‌ಗಳ ವಿರುದ್ಧ ಸಜ್ಜಾದ, ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳೇ ಚರ್ಮವನ್ನು ಕ್ಯಾನ್ಸರ್‌ನಿಂದ ಕಾಯುತ್ತವಂತೆ. ಅದು ಮನುಷ್ಯರಲ್ಲೂ ನಿಜವಾದರೆ, ಅಂಗಾಂಗ ಕಸಿಯಾದವರಿಗೆ ಚರ್ಮದ ಕ್ಯಾನ್ಸರ್ ಹೆಚ್ಚು ಬರಲು ಕಾರಣ ವೈರಸ್ ಅಲ್ಲ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳಿಂದ ಕುಗ್ಗಿದ ಆ ಟಿ ಕೋಶಗಳು; ಅವನ್ನು ಬಡಿದೆಬ್ಬಿಸುವ ಲಸಿಕೆಯನ್ನು ಸಂಶೋಧಕರು ಈಗ ಯೋಚಿಸುತ್ತಿದ್ದಾರೆ.