ಗುಂಡು ತುಂಬದ ಮ್ಯಾಗಜಿನ್

ಹಿಂದಿನ ತಲೆಮಾರಿನ ಎನ್‌ಸಿಸಿ ಕೆಡೆಟ್‌ಗಳು ಗುರಿ ಅಭ್ಯಾಸಕ್ಕೆ ಹಿಡಿದ ರೈಫಲ್‌ಗಳಲ್ಲಿ ಒಂದು ವಿಚಿತ್ರವಾಗಿತ್ತು. ನೋಟ, ತೂಕ ಎಲ್ಲ ಯುದ್ಧದ ರೈಫಲಿನದೇ. ಒಳಗೆ ಹೋಗುವ ಕಾಡತೂಸು ಮಾತ್ರ ಕಿರುಬೆರಳಿಗಿಂತ ಚಿಕ್ಕದು. ಅಡಿಯಲ್ಲಿ ಮ್ಯಾಗಜಿನ್ ಇತ್ತು, ಆದರೆ ಅದಕ್ಕೆ ಗುಂಡು ತುಂಬುವಂತಿರಲಿಲ್ಲ. ಹಾಗಾದರೆ ಅದು ಅಲ್ಲಿ ಯಾಕಿತ್ತು?

ಈ ಕಥೆ ಶುರುವಾಗುವುದು ಬ್ರಿಟನ್ನಿನಲ್ಲಿ. 1899ರಿಂದ 1902ರವರೆಗೆ ನಡೆದ ಬೋಅರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ರೈತರ ಗುರಿ ಕಂಡು ಬ್ರಿಟಿಷರು ಬೆಚ್ಚಿದ್ದರು. ತಮ್ಮವರಿಗೂ ಗುರಿ ಕಲಿಸಬೇಕು. ಆದರೆ .303 ಗುಂಡಿಗೆ ಖರ್ಚು ಹೆಚ್ಚು, ಉದ್ದದ ಬಯಲೂ ಬೇಕು. .22 ರಿಮ್‌ಫೈರ್ ಅಗ್ಗ. ಊರೊಳಗಿನ ಹಜಾರವೇ ಸಾಕು. ಅದರ ಬುಡದ ಟೊಳ್ಳು ಅಂಚಿನೊಳಗೇ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಪಿನ್ನು ನಡುವಿಗಲ್ಲ, ಅಂಚಿಗೆ ಬಡಿಯುತ್ತದೆ. 1907ರಲ್ಲಿ ಸೇನೆ ಹಳೆಯ ಲೀ-ಮೆಟ್‌ಫರ್ಡ್ ರೈಫಲ್‌ಗಳನ್ನು .22ಕ್ಕೆ ಬದಲಿಸಿಕೊಂಡಿತು. ಒಂದು ಸಲಕ್ಕೆ ಒಂದೇ ಗುಂಡು, ಅದನ್ನೂ ಕೈಯಲ್ಲೇ ಇಡಬೇಕು.

ತೊಡಕು ಅಲ್ಲಿಯೇ ಇತ್ತು. ಬ್ರಿಟಿಷ್ ಕಾಲಾಳು ನಿಮಿಷಕ್ಕೆ ಹದಿನೈದು ಗುಂಡನ್ನು ಗುರಿಯಿಟ್ಟು ಹಾರಿಸಲು ಕಲಿಯಬೇಕಿತ್ತು. ಒಂದೊಂದೇ ಗುಂಡು ಇಡುತ್ತ ಕೂತರೆ ಕಣ್ಣು ಪಳಗೀತು, ಕೈ ಪಳಗದು.

ಹಾಗಾಗಿ ಮ್ಯಾಗಜಿನ್ ಬೇಕಾಯಿತು. .303 ಕಾಡತೂಸು ಸುಮಾರು 78 ಮಿಲಿಮೀಟರ್ ಉದ್ದ, .22 ಸುಮಾರು 25. ದೊಡ್ಡದರ ಪೆಟ್ಟಿಗೆಯಲ್ಲಿ ಚಿಕ್ಕದು ಹಿಡಿತವಿಲ್ಲದೆ ಹೊರಳುತ್ತದೆ. ಮೇಲಾಗಿ ಎರಡಕ್ಕೂ ಬುಡದಲ್ಲಿ ಹೊರಚಾಚಿದ ಅಂಚಿದೆ. ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿದರೆ ಬೋಲ್ಟು ತಳ್ಳಿದರೂ ಮುಂದೆ ಸರಿಯದು.

ಇದಕ್ಕೆ ಎರಡು ಉಪಾಯ ಹೂಡಿದರು. ಮೊದಲನೆಯದು ಪಾರ್ಕರ್-ಹಿಸ್ಕಾಕ್ ಮ್ಯಾಗಜಿನ್: ಹೊರಗೆ .303ರ ಪೆಟ್ಟಿಗೆ, ಒಳಗೆ .22ಕ್ಕೆ ಹೊಂದುವ ಕಿರಿದಾದ ದಾರಿ. 1918ರ ಎರಡನೆಯ ಉಪಾಯ ಇದಕ್ಕೆ ತದ್ವಿರುದ್ಧ. ಮ್ಯಾಗಜಿನ್ನನ್ನು ಮುಟ್ಟಲೇ ಇಲ್ಲ; .303ರ ಆಕಾರದ ಲೋಹದ ಕವಚ ಮಾಡಿ, ಅದರೊಳಗೆ .22 ಕೂರಿಸಿದರು. ಇದರಿಂದ ಸೈನಿಕ ಮಾಮೂಲಿನಂತೆ ಮ್ಯಾಗಜಿನ್ ತುಂಬಿ, ಬೋಲ್ಟು ಎಳೆದು, ಹೊಡೆದ. ಆದರೆ ಪ್ರತಿ ಕವಚಕ್ಕೂ ಮೊದಲು ಕೈಯಿಂದ ಗುಂಡು ತುಂಬಬೇಕು. ಆಮೇಲೆ ಅದನ್ನು ಹುಡುಕಿ ಹೆಕ್ಕಿ, ಖಾಲಿ ಕೊಳವೆ ಕಿತ್ತು, ಮತ್ತೆ ಸಜ್ಜು ಮಾಡಬೇಕು. ನಿಮಿಷದ ಆಟಕ್ಕೆ ಎಷ್ಟೋ ಹೊತ್ತಿನ ಚಾಕರಿ.

ಕೊನೆಗೆ ಉಳಿದದ್ದು ಸರಳವಾದದ್ದು. 1921ರ ಮಾರ್ಕ್ 4 ಮತ್ತೆ ಒಂದೇ ಗುಂಡಿನ ರೈಫಲ್. ಮ್ಯಾಗಜಿನ್ನಿನ ಸ್ಪ್ರಿಂಗು, ತಟ್ಟೆ ತೆಗೆದು ಬರಿಯ ಪೆಟ್ಟಿಗೆ ಉಳಿಸಿಕೊಂಡರು. ಸಿಡಿದ ಕಾಡತೂಸುಗಳು ಅದರೊಳಗೆ ಬೀಳತೊಡಗಿದವು. ಭಾರತದಲ್ಲಿ ಇಛಾಪುರದ ಕಾರ್ಖಾನೆಯ ರೈಫಲ್‌ಗಳೂ ಹೀಗೆ ಬದಲಾದವು. 1948ರಲ್ಲಿ ಹುಟ್ಟಿದ ಎನ್‌ಸಿಸಿಯ ಹುಡುಗರ ಕೈಗೂ ಬಂದವು.

ವೇಗದ ಪಾಠವನ್ನು ಬಿಟ್ಟುಕೊಟ್ಟರು. ತೂಕ, ಹಿಡಿತ, ಉಸಿರು ಬಿಗಿಹಿಡಿದು ಗುರಿಯಿಡುವ ಪಾಠ ಉಳಿಯಿತು. ಎಷ್ಟು ತಲೆ ಓಡಿಸಿದರೂ ಗುಂಡು ತುಂಬಲು ಒಗ್ಗದ ಆ ಪೆಟ್ಟಿಗೆ, ಅಭ್ಯಾಸ ಮುಗಿದ ಮೇಲೆ ಖಾಲಿ ಕಾಡತೂಸು ಎಣಿಸಿ ಒಪ್ಪಿಸಬೇಕಾದವರಿಗೆ ಮಾತ್ರ ಚೆನ್ನಾಗಿ ಒದಗಿತು.